ಧರೆ ಕುಸಿದ ಊರುಗಳಲ್ಲಿ ಮಕ್ಕಳು, ಕುಟುಂಬ ಮತ್ತು ಮಿಷನ್‌ಗಳ ನೆರವು

2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ಹಿಡಿದಾಗ ಮೂಡಿಗೆರೆ ತಾಲ್ಲೂಕಿನ ಬಾಳೂರು ಹೋಬಳಿಯ ಸುತ್ತ ಗುಡ್ಡಗಳು ಜರಿದವು. ಮಲೆಮನೆ, ಮಧುಗುಂಡಿಯಂಥ ಊರುಗಳು ಜಿಲ್ಲೆಯ ಹೊರಗಿನವರಿಗೂ ಪರಿಚಯವಾದದ್ದು ಆಗಲೇ. ಅದಕ್ಕೂ ಹಿಂದಿನ ವರ್ಷ ಕೊಡಗಿನಲ್ಲಿ ಬೆಟ್ಟಗಳು ಕುಸಿದಿದ್ದವು, ಸಕಲೇಶಪುರದ ಕಡೆ ಶಿರಾಡಿ ಘಾಟಿ ಮುಚ್ಚಿತ್ತು. 2024ರ ಜುಲೈ 30ರಂದು ನೆರೆಯ ವಯನಾಡಿನ ಚೂರಲ್‌ಮಲ ಮತ್ತು ಮುಂಡಕ್ಕೈ ಒಂದೇ ರಾತ್ರಿಯಲ್ಲಿ ನೆಲಸಮವಾದಾಗ, ಚಿಕ್ಕಮಗಳೂರು ಮತ್ತು ಹಾಸನದ ಮಲೆನಾಡು ಭಾಗದ ಜನ ಆ ಸುದ್ದಿಯನ್ನು ದೂರದ ಊರಿನ ಸಂಗತಿ ಎಂದುಕೊಂಡು ಓದಲಿಲ್ಲ. ಇಂಥ ಪ್ರತಿ ಸಂದರ್ಭದಲ್ಲೂ ಗಂಜಿ ಕೇಂದ್ರಗಳಿಗೆ ಮಠಗಳು, ಮಸೀದಿ ಕಮಿಟಿಗಳು, ಯುವಕ ಸಂಘಗಳು, ಎಸ್ಟೇಟ್ ಮಾಲೀಕರು ಧಾವಿಸುವ ಹಾಗೆಯೇ ಕ್ರೈಸ್ತ ಸಭೆಗಳೂ ಮಿಷನ್ ಸಂಸ್ಥೆಗಳೂ ಬರುತ್ತವೆ. ಅವುಗಳ ನೆರವಿನಲ್ಲಿ ದೊಡ್ಡ ಪಾಲು ಮಕ್ಕಳಿಗೆ ಮೀಸಲಾಗಿರುವುದರಿಂದ ಅದರ ಸುತ್ತ ಎದ್ದೇಳುವ ವಾದವೂ ಜೋರಾಗಿರುತ್ತದೆ. ಒಂದು ಕಡೆಯವರು ಅದನ್ನು ಸೇವೆ ಎನ್ನುತ್ತಾರೆ, ಇನ್ನೊಂದು ಕಡೆಯವರು ಮತಾಂತರದ ಮೊದಲ ಮೆಟ್ಟಿಲು ಎನ್ನುತ್ತಾರೆ. ಈ ಎರಡು ಕೂಗುಗಳ ನಡುವೆ, ಮನೆ ಕಳೆದುಕೊಂಡ ಮಗುವಿಗೆ ಮುಂದಿನ ಆರು ತಿಂಗಳು ಯಾರ ಜೊತೆ, ಎಲ್ಲಿ, ಹೇಗೆ ಕಳೆಯಬೇಕು ಎಂಬ ಪ್ರಶ್ನೆಯನ್ನು ಕೇಳುವವರೇ ಇಲ್ಲವಾಗುತ್ತಾರೆ. ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳ ಆ ಪ್ರಶ್ನೆಯಲ್ಲಿದೆ. ಮಗುವಿಗೆ ತಲುಪುವ ನೆರವು ಅದರ ಕುಟುಂಬದ ಮೂಲಕ ತಲುಪುತ್ತಿದೆಯೇ, ಕುಟುಂಬವನ್ನು ಬದಿಗೆ ಸರಿಸಿ ತಲುಪುತ್ತಿದೆಯೇ ಎಂಬುದರ ಮೇಲೆ ಅದು ಒಳ್ಳೆಯ ಕೆಲಸವೋ ಅಲ್ಲವೋ ಎಂಬುದು ನಿಂತಿದೆ.

ಹಾಸನಕ್ಕೆ ಈ ವಿಷಯ ಹೊಸದೇನಲ್ಲ. ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದ 1876-78ರ ಮಹಾಕ್ಷಾಮ ಮೈಸೂರು ಸಂಸ್ಥಾನವನ್ನು ಬರಿದು ಮಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹೆತ್ತವರು ಸತ್ತ, ಇಲ್ಲವೇ ಗುಳೆ ಹೋಗುವಾಗ ದಾರಿಯಲ್ಲೇ ಬಿಟ್ಟುಹೋದ ಮಕ್ಕಳಿಗಾಗಿ ಪ್ರೊಟೆಸ್ಟೆಂಟ್ ಪಂಥದ ವೆಸ್ಲಿಯನ್ ಮಿಷನ್ ಹಾಸನದಲ್ಲಿ ಹೆಣ್ಣುಮಕ್ಕಳ ಅನಾಥಾಲಯವನ್ನೂ ತುಮಕೂರಿನಲ್ಲಿ ಗಂಡುಮಕ್ಕಳ ಅನಾಥಾಲಯವನ್ನೂ ನಡೆಸಿತು. ಅದೇ ಪರಂಪರೆಯಿಂದ ಬಂದ ರೆಡ್‌ಫರ್ನ್ ಆಸ್ಪತ್ರೆ ಹಾಸನದವರಿಗೆ ಇಂದಿಗೂ ಪರಿಚಿತ. ಆ ಕಾಲದ ಅನಾಥಾಲಯಗಳನ್ನು ಇಂದಿನ ಕಣ್ಣಿನಿಂದ ನೋಡುವಾಗ ಎರಡು ಸತ್ಯಗಳನ್ನು ಒಟ್ಟಿಗೆ ಇಟ್ಟುಕೊಳ್ಳಬೇಕಾಗುತ್ತದೆ. ಆ ಗೋಡೆಗಳೊಳಗೆ ಸೇರದಿದ್ದರೆ ಆ ಮಕ್ಕಳಲ್ಲಿ ಅನೇಕರು ಬದುಕಿ ಉಳಿಯುತ್ತಿರಲಿಲ್ಲ. ಒಳಗೆ ಸೇರಿದ ಮೇಲೆ ಅವರು ಮಿಷನ್‌ನ ಧರ್ಮದಲ್ಲಿಯೇ ಬೆಳೆದರು, ತಮ್ಮ ಹುಟ್ಟಿನ ಊರು, ಕುಲ, ಬಳಗದ ಎಳೆಗಳನ್ನು ಬಹುತೇಕ ಕಳೆದುಕೊಂಡರು. ಹಸಿವಿನಿಂದ ಸಾಯುತ್ತಿದ್ದ ಮಗುವಿನ ಮುಂದೆ ಆಗ ಬೇರೆ ದಾರಿಗಳಿರಲಿಲ್ಲ ಎಂಬುದು ನಿಜ. ಆದರೆ ಇಂದು ಬೇರೆ ದಾರಿಗಳಿವೆ. ಕಾನೂನು ಇದೆ, ಮಕ್ಕಳ ಕಲ್ಯಾಣ ಸಮಿತಿ ಇದೆ, ಪರಿಹಾರ ನಿಧಿ ಇದೆ, ರಸ್ತೆ ಇದೆ, ಫೋನಿದೆ. ಹೀಗಿರುವಾಗ 1877ರ ಮಾದರಿಯನ್ನೇ ಕರುಣೆಯ ಮಾದರಿ ಎಂದು ಮುಂದುವರಿಸುವುದು ಸರಿಯಲ್ಲ.

‘ಮಿಷನ್’ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ಒಂದೇ ಬಗೆಯ ಸಂಸ್ಥೆಯನ್ನಲ್ಲ. 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಕಥೋಲಿಕ ಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿ ಇಂದು ಚಿಕ್ಕಮಗಳೂರು ಮತ್ತು ಹಾಸನ ಎರಡೂ ಜಿಲ್ಲೆಗಳಿವೆ. ಅದರ ಅಡಿಯಲ್ಲಿ ಧರ್ಮಕೇಂದ್ರಗಳು, ಕಾನ್ವೆಂಟುಗಳು, ಶಾಲೆಗಳು ತಲೆಮಾರುಗಳಿಂದ ನಡೆದುಬಂದಿವೆ. ವೆಸ್ಲಿಯನ್ನರ ಉತ್ತರಾಧಿಕಾರಿಯಾಗಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚುಗಳಿವೆ. ಇವುಗಳ ಹೊರಗೆ ಕಳೆದ ಮೂರು ನಾಲ್ಕು ದಶಕಗಳಲ್ಲಿ ಬೆಳೆದ ಸ್ವತಂತ್ರ ಸಭೆಗಳಿವೆ. ಇವುಗಳಲ್ಲಿ ಕೆಲವಕ್ಕೆ ಕಟ್ಟಡವೂ ಇರುವುದಿಲ್ಲ, ಒಬ್ಬ ಪಾಸ್ಟರ್ ಮತ್ತು ಹತ್ತಿಪ್ಪತ್ತು ಕುಟುಂಬಗಳೇ ಸಭೆ. ವಿಪತ್ತಿನ ಹೊತ್ತಿನಲ್ಲಿ ಇವರೆಲ್ಲರ ನಡವಳಿಕೆ ಒಂದೇ ಆಗಿರುವುದಿಲ್ಲ. ದೊಡ್ಡ ಸಂಸ್ಥೆಗಳಿಗೆ ಲಿಖಿತ ನಿಯಮಗಳಿರುತ್ತವೆ, ಲೆಕ್ಕಪರಿಶೋಧನೆ ಇರುತ್ತದೆ, ಕಥೋಲಿಕ ಸಭೆಯ ಕಾರಿತಾಸ್ ಇಂಡಿಯಾದಂಥ ಅನುಭವಿ ಜಾಲಗಳ ಬೆಂಬಲವಿರುತ್ತದೆ. ಸಣ್ಣ ಸಭೆಗಳಿಗೆ ಇರುವುದು ಹೃದಯದ ತುಡಿತವೊಂದೇ. ತುಡಿತ ದೊಡ್ಡದೇ, ಆದರೆ ಗಂಜಿ ಕೇಂದ್ರದಲ್ಲಿ ನಿಯಮ ಗೊತ್ತಿಲ್ಲದ ತುಡಿತ ಎಷ್ಟೋ ಸಲ ಕೆಡುಕನ್ನೂ ಮಾಡುತ್ತದೆ.

ಕಾಫಿ ಸೀಮೆಯಲ್ಲಿ ಈ ಸಂಸ್ಥೆಗಳಿಗೆ ಒಂದು ಅನುಕೂಲವಿದೆ, ಅದನ್ನು ಅವರ ಟೀಕಾಕಾರರೂ ಒಪ್ಪಬೇಕು. ಎಸ್ಟೇಟಿನ ಲೈನ್ ಮನೆಗಳಲ್ಲಿ (ಕೂಲಿಕಾರರ ಸಾಲುಮನೆಗಳಲ್ಲಿ) ಯಾರಿದ್ದಾರೆ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮಗು ಶಾಲೆ ಬಿಟ್ಟಿದೆ ಎಂಬುದು ಕಂದಾಯ ಇಲಾಖೆಯ ಪಟ್ಟಿಗಿಂತ ಮೊದಲು ವಾರವಾರ ಅಲ್ಲಿಗೆ ನಡೆದು ಹೋಗುವ ಸಿಸ್ಟರ್‌ಗಳಿಗೆ ಗೊತ್ತಿರುತ್ತದೆ. ಕೂಲಿಗೆಂದು ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕುಟುಂಬಗಳಿಗೆ ಇಲ್ಲಿನ ರೇಷನ್ ಕಾರ್ಡ್ ಇರುವುದಿಲ್ಲ, ಕನ್ನಡವೂ ಬರುವುದಿಲ್ಲ. ಮಳೆಯಲ್ಲಿ ಸೂರು ಹಾರಿಹೋದಾಗ ಅವರ ಹೆಸರು ಪರಿಹಾರದ ಪಟ್ಟಿಯಲ್ಲಿ ಸೇರಬೇಕಾದರೆ ಅವರನ್ನು ಬಲ್ಲವರೊಬ್ಬರು ತಹಶೀಲ್ದಾರರ ಮುಂದೆ ನಿಂತು ಹೇಳಬೇಕಾಗುತ್ತದೆ. ಹೊದಿಕೆ ಹಂಚುವುದಕ್ಕಿಂತ ಈ ಮಾತು ಹೇಳುವ ಕೆಲಸ ದೊಡ್ಡದು.

ವಿಪತ್ತು ಕಳೆದ ಮೇಲೆ ಮಕ್ಕಳಿಗೆ ಬೇಕಾಗುವುದೇನು ಎಂಬುದನ್ನು ಹತ್ತಿರದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಗಂಜಿ ಕೇಂದ್ರವಾಗಿ ಮಾರ್ಪಟ್ಟ ಸರ್ಕಾರಿ ಶಾಲೆಯ ಕೊಠಡಿಯನ್ನು ನೆನೆಸಿಕೊಳ್ಳಿ. ಬೆಂಚುಗಳನ್ನು ಗೋಡೆಗೆ ಒತ್ತರಿಸಿ ನೆಲಕ್ಕೆ ಜಮಖಾನ ಹಾಸಿರುತ್ತಾರೆ. ಕಿಟಕಿಯ ಸರಳಿಗೆ ಒದ್ದೆಯಾದ ಪಠ್ಯಪುಸ್ತಕಗಳನ್ನು ಬಿಚ್ಚಿ ಒಣಗಲು ಹಾಕಿರುತ್ತಾರೆ, ಹಾಳೆಗಳು ಒಂದಕ್ಕೊಂದು ಅಂಟಿರುತ್ತವೆ. ರಾತ್ರಿ ಮಳೆ ಮತ್ತೆ ಶೀಟಿನ ಮೇಲೆ ಬಡಿಯಲು ಶುರುವಾದರೆ ಏಳೆಂಟು ವರ್ಷದ ಮಗು ಎದ್ದು ಕೂತು ಅಮ್ಮನ ಸೆರಗು ಹಿಡಿಯುತ್ತದೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತದೆ, ಹಗಲೆಲ್ಲ ಮಾತಾಡದೆ ಕೂರುತ್ತದೆ. ಇದನ್ನು ರೋಗವೆಂದು ಭಾವಿಸಬೇಕಿಲ್ಲ. ಭಯ ಕಂಡ ಮನಸ್ಸು ಹಾಗೆ ವರ್ತಿಸುವುದು ಸಹಜ. ದಿನಕ್ಕೆ ಹೊತ್ತುಹೊತ್ತಿಗೆ ಊಟ, ಆಟ, ಪಾಠ, ಹಳೆಯ ಗೆಳೆಯರ ಸಂಗ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ತನ್ನವರ ಸಾಮೀಪ್ಯ ಸಿಕ್ಕರೆ ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ತಜ್ಞರ ಚಿಕಿತ್ಸೆ ಬೇಕಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ ಮತ್ತು 2004ರ ಸುನಾಮಿಯ ನಂತರ ಈ ಕ್ಷೇತ್ರದಲ್ಲಿ ಕೆಲಸ ಮಾಡಿ ಅನುಭವ ಕಟ್ಟಿಕೊಂಡಿದೆ. ಮನಸ್ಸಿನ ಪ್ರಥಮ ಚಿಕಿತ್ಸೆ ಹೇಗಿರಬೇಕೆಂದು ಹೇಳುವ, ಜಗತ್ತಿನಾದ್ಯಂತ ಬಳಕೆಯಲ್ಲಿರುವ 2011ರ ಕೈಪಿಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಹೊರತಂದವರಲ್ಲಿ ವರ್ಲ್ಡ್ ವಿಷನ್ ಎಂಬ ಕ್ರೈಸ್ತ ಸಂಸ್ಥೆಯೂ ಇತ್ತು ಎಂಬುದನ್ನು ಇಲ್ಲಿ ಹೇಳಬೇಕು. ಅಂದರೆ ಸರಿಯಾದ ದಾರಿ ಯಾವುದೆಂದು ಮಿಷನ್ ಜಗತ್ತಿಗೆ ಗೊತ್ತಿಲ್ಲವೆಂದಲ್ಲ. ಆ ತಿಳಿವಳಿಕೆ ಕೇಂದ್ರ ಕಚೇರಿಗಳಿಂದ ಕಳಸ, ಬಣಕಲ್, ಹೆತ್ತೂರಿನಂಥ ಊರಿನ ಸ್ವಯಂಸೇವಕರವರೆಗೆ ಇಳಿದು ಬರಬೇಕಾಗಿದೆ.

ಅಪಾಯ ಇರುವುದು ಮಗುವನ್ನು ಕುಟುಂಬದಿಂದ ಬೇರ್ಪಡಿಸುವ ಕ್ಷಣದಲ್ಲಿ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದ ಎರಡೇ ವಾರಗಳ ಬಳಿಕ ಅಮೆರಿಕದ ಹತ್ತು ಮಂದಿ ಬ್ಯಾಪ್ಟಿಸ್ಟರು 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು, ಬೇಕಾದ ದಾಖಲೆಗಳಿಲ್ಲದೆ, ಪಕ್ಕದ ಡೊಮಿನಿಕನ್ ಗಣರಾಜ್ಯಕ್ಕೆ ಹೊರಟಿದ್ದಾಗ ಬಂಧನಕ್ಕೊಳಗಾದರು. ಅನಾಥರನ್ನು ಕಾಪಾಡಲು ಬಂದವರೆಂದು ಅವರು ಹೇಳಿಕೊಂಡರೂ ಆ ಮಕ್ಕಳಲ್ಲಿ ಹೆಚ್ಚಿನವರ ಹೆತ್ತವರು ಬದುಕಿದ್ದರು. ಮಕ್ಕಳಿಗೆ ಓದು, ಊಟ, ಒಳ್ಳೆಯ ಜಾಗ ಸಿಗುತ್ತದೆ ಎಂಬ ಮಾತು ನಂಬಿ ಅವರೇ ಕಳಿಸಿಕೊಟ್ಟಿದ್ದರು. ನಂತರ ಮಕ್ಕಳು ಮನೆಗೆ ಮರಳಿದರು. 2005ರ ಜನವರಿಯಲ್ಲಿ, ಸುನಾಮಿಯಿಂದ ತತ್ತರಿಸಿದ್ದ ಇಂಡೊನೇಷ್ಯಾದ ‘ಆಚೆ’ ಪ್ರಾಂತ್ಯದ 300 ಮಂದಿ ಮುಸ್ಲಿಂ ಮಕ್ಕಳನ್ನು ಜಕಾರ್ತಾದ ಕ್ರೈಸ್ತ ಆಶ್ರಯಧಾಮದಲ್ಲಿ ಬೆಳೆಸುವ ಯೋಜನೆಯನ್ನು ಅಮೆರಿಕದ ಒಂದು ಮಿಷನರಿ ಗುಂಪು ಪ್ರಕಟಿಸಿ ಹಣ ಸಂಗ್ರಹಿಸಿತ್ತು. ಅಲ್ಲಿನ ಸರ್ಕಾರ ಒಪ್ಪದಿದ್ದುದರಿಂದ ಗುಂಪು ಅದನ್ನು ಕೈಬಿಟ್ಟಿತು. ಈ ಎರಡು ಪ್ರಕರಣಗಳು ಇಡೀ ಕ್ರೈಸ್ತ ಸಮುದಾಯದ ಚಿತ್ರವಲ್ಲ. ಆಗ ಇವುಗಳನ್ನು ಖಂಡಿಸಿದವರಲ್ಲಿ ಕ್ರೈಸ್ತ ಪರಿಹಾರ ಸಂಸ್ಥೆಗಳೂ ಇದ್ದವು. ಆದರೆ ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂಬ ನಂಬಿಕೆ ಎಷ್ಟು ಸುಲಭವಾಗಿ ಇನ್ನೊಬ್ಬರ ಮಗುವಿನ ಮೇಲಿನ ಹಕ್ಕಾಗಿ ಬದಲಾಗುತ್ತದೆ ಎಂಬುದನ್ನು ಅವು ತೋರಿಸುತ್ತವೆ.

ನಮ್ಮಲ್ಲಿ ಇದಕ್ಕೆ ಗಟ್ಟಿ ಕಾನೂನಿದೆ. 2015ರ ಬಾಲನ್ಯಾಯ ಕಾಯ್ದೆ ಪ್ರಾಕೃತಿಕ ವಿಕೋಪಕ್ಕೆ ಸಿಕ್ಕ ಮಗುವನ್ನು ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು ಎಂದು ಗುರುತಿಸುತ್ತದೆ. ಹೆತ್ತವರಿಂದ ಬೇರ್ಪಟ್ಟ ಮಗು ಕಂಡರೆ 24 ಗಂಟೆಗಳೊಳಗೆ ಪೊಲೀಸರಿಗೆ, ಮಕ್ಕಳ ಸಹಾಯವಾಣಿ 1098ಕ್ಕೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಇಲ್ಲವೇ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲೇಬೇಕು. ನೋಂದಣಿಯಿಲ್ಲದೆ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆಯ ಹೊಣೆಗಾರರಿಗೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ವಿಧಿಸಬಹುದು. ದತ್ತು ಕೊಡುವುದು ಕೇಂದ್ರೀಯ ದತ್ತು ಪ್ರಾಧಿಕಾರದ ನಿಯಮಗಳಂತೆಯೇ ಆಗಬೇಕು. ವಯನಾಡಿನ ದುರಂತದ ನಂತರ ಮಕ್ಕಳನ್ನು ಸಾಕುತ್ತೇವೆಂದು ಜನ ಮುಂದೆ ಬಂದಾಗ ಕೇರಳ ಸರ್ಕಾರ ಹೇಳಿದ್ದೂ ಇದನ್ನೇ. ಸಂಕಟದಲ್ಲಿ ಮಗುವನ್ನು ಒಪ್ಪಿಸಿಬಿಟ್ಟ ತಾಯಿತಂದೆಗೆ ಮತ್ತೆ ಯೋಚಿಸಲು ಎರಡು ತಿಂಗಳ ಅವಕಾಶವನ್ನೂ ಕಾಯ್ದೆ ಕೊಟ್ಟಿದೆ. ಇವೆಲ್ಲಕ್ಕೂ ಆಧಾರವಾಗಿರುವ ತತ್ವ ಎರಡು: ಮಗುವಿನ ಪಾಲನೆ ಮೊದಲು ಅದರ ಕುಟುಂಬದ ಹೊಣೆ, ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯ.

ಇಲ್ಲಿ ಮಲೆನಾಡಿನದೇ ಒಂದು ಕಷ್ಟವಿದೆ. ಹಾಸ್ಟೆಲ್ ಎಂಬುದು ನಮ್ಮ ಕಡೆ ಕೆಟ್ಟ ಸಂಗತಿಯೇನೂ ಅಲ್ಲ. ಬಸ್ಸಿಲ್ಲದ ಊರಿನ ಮಕ್ಕಳು, ಲೈನ್ ಮನೆಯ ಮಕ್ಕಳು ಕಾನ್ವೆಂಟಿನ ಬೋರ್ಡಿಂಗ್‌ನಲ್ಲೋ ಸರ್ಕಾರಿ ಹಾಸ್ಟೆಲ್‌ನಲ್ಲೋ ಮಠದ ವಿದ್ಯಾರ್ಥಿನಿಲಯದಲ್ಲೋ ಇದ್ದು ಓದಿದ್ದರಿಂದಲೇ ಅನೇಕ ಮನೆಗಳು ಮೇಲೆದ್ದಿವೆ. ಆದ್ದರಿಂದ ಗುಡ್ಡ ಜರಿದ ಮೇಲೆ ಒಬ್ಬ ಫಾದರ್ ಬಂದು ‘ಮಗುವನ್ನು ನಮ್ಮಲ್ಲಿ ಬಿಡಿ, ಓದಿಸುತ್ತೇವೆ’ ಎಂದರೆ ತಾಯಿಗೆ ಅದು ದೇವರೇ ಬಂದು ಹೇಳಿದ ಹಾಗೆ ಕೇಳಿಸುತ್ತದೆ. ಅವಳ ತೀರ್ಮಾನವನ್ನು ತಪ್ಪೆನ್ನಲು ನನ್ನಿಂದ ಸಾಧ್ಯವಿಲ್ಲ. ಆದರೆ ಮನೆ ಹೋದ ವಾರದಲ್ಲಿ, ಅಪ್ಪನ ಕೂಲಿ ನಿಂತಿರುವಾಗ, ಅಜ್ಜಿ ಇನ್ನೂ ಮಣ್ಣಿನಡಿಯ ಪಾತ್ರೆಪಗಡೆ ಹುಡುಕುತ್ತಿರುವಾಗ ಕೊಟ್ಟ ಒಪ್ಪಿಗೆಯನ್ನು ಪೂರ್ಣ ಒಪ್ಪಿಗೆ ಎಂದು ಕರೆಯುವುದು ಕಷ್ಟ. ಮಗುವಿಗೂ ಅದು ಎರಡನೆಯ ಪೆಟ್ಟು. ಮನೆ ಹೋಯಿತು, ಈಗ ಮನೆಯವರೂ ಕಣ್ಣಿಗೆ ಕಾಣರು. ತರಗತಿ ಮುಗಿಯುವವರೆಗೆ, ಕಡೇಪಕ್ಷ ಕುಟುಂಬಕ್ಕೆ ಒಂದು ಬಾಡಿಗೆ ಮನೆ ಸಿಗುವವರೆಗೆ, ಹಾಸ್ಟೆಲ್ಲಿನ ಮಾತನ್ನೇ ಎತ್ತದಿರುವ ಸಂಯಮವನ್ನು ಮಿಷನ್‌ಗಳೂ ಉಳಿದೆಲ್ಲ ಧರ್ಮದ ಸಂಸ್ಥೆಗಳೂ ಪಾಲಿಸಬೇಕು.

ಹಾಸ್ಟೆಲ್ಲಿಗೆ ಮಕ್ಕಳನ್ನು ತಳ್ಳುವ ಒತ್ತಡ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಿದರೆ ಬೆರಳು ಸರ್ಕಾರದ ಕಡೆಗೂ ತಿರುಗುತ್ತದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ತುರ್ತು ನೆರವಾಗಿ 10 ಸಾವಿರ ರೂಪಾಯಿ ಘೋಷಣೆಯಾಯಿತು. ಹಣ ಕೊಟ್ಟರೂ ಕಟ್ಟಲು ಜಾಗ ಬೇಕು. ಕುಸಿದ ಗುಡ್ಡದಲ್ಲಿ ಮತ್ತೆ ಕಟ್ಟುವಂತಿಲ್ಲ, ಸುತ್ತಲೂ ಅರಣ್ಯ, ಕಾಫಿ ತೋಟ, ಗೋಮಾಳದ ತಕರಾರು. ಮಲೆಮನೆ, ಮಧುಗುಂಡಿಯ ಸಂತ್ರಸ್ತರು ಪುನರ್ವಸತಿಗಾಗಿ ವರ್ಷಗಟ್ಟಲೆ ಕಾದರು, ಅರ್ಜಿ ಹಿಡಿದು ಕಚೇರಿಗಳಿಗೆ ಅಲೆದರು. ಹೀಗೆ ಕಾಯುವ ಕುಟುಂಬ ನೆಂಟರ ಮನೆ, ಬಾಡಿಗೆ ಮನೆ, ಮತ್ತೊಂದು ತೋಟದ ಲೈನ್ ಎಂದು ಜಾಗ ಬದಲಿಸುತ್ತಲೇ ಇರುತ್ತದೆ. ಪ್ರತಿ ಬದಲಾವಣೆಯಲ್ಲೂ ಮಗುವಿನ ಶಾಲೆ ಬದಲಾಗುತ್ತದೆ, ಟಿಸಿ ತರಬೇಕಾಗುತ್ತದೆ, ಅಂಗನವಾಡಿಯ ಹೆಸರು ತಪ್ಪುತ್ತದೆ. ಆಗ ಹಾಸ್ಟೆಲ್ ಒಂದೇ ಗಟ್ಟಿ ನೆಲವಾಗಿ ಕಾಣುತ್ತದೆ. ಆದ್ದರಿಂದ ಮಕ್ಕಳಿಗಾಗಿ ಏನಾದರೂ ಮಾಡಬೇಕೆಂದು ಬರುವ ಮಿಷನ್ ಸಂಸ್ಥೆಗೆ ನಾನು ಹೇಳುವುದಿಷ್ಟೇ: ಆಟಿಕೆ, ಬ್ಯಾಗು, ಬಣ್ಣದ ಪೆನ್ಸಿಲ್ಲುಗಳಿಗೆ ಮೀಸಲಿಟ್ಟ ಹಣದ ಒಂದು ಭಾಗವನ್ನು ಆ ಕುಟುಂಬದ ಬಾಡಿಗೆಗೆ ಕೊಡಿ, ಇನ್ನೊಂದು ಭಾಗದಿಂದ ಕಾಗದಪತ್ರ ಓಡಾಡಿಸಿ ನಿವೇಶನದ ಹಕ್ಕುಪತ್ರ ಕೊಡಿಸಬಲ್ಲ ಒಬ್ಬ ಕಾರ್ಯಕರ್ತನನ್ನು ಎರಡು ವರ್ಷ ಇಟ್ಟುಕೊಳ್ಳಿ.

ಇನ್ನು ಧರ್ಮಬೋಧನೆಯ ಪ್ರಶ್ನೆ. ಇದರಲ್ಲಿ ಗೆರೆ ಎಲ್ಲಿ ಎಂಬುದನ್ನು ಕ್ರೈಸ್ತ ಜಗತ್ತೇ ಸ್ಪಷ್ಟವಾಗಿ ಬರೆದುಕೊಂಡಿದೆ. ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಚಳವಳಿಯ 1994ರ ನೀತಿಸಂಹಿತೆ, ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೊತ್ತಲು ಬಳಸಬಾರದು ಎನ್ನುತ್ತದೆ. ಆ ಸಂಹಿತೆಯನ್ನು ರೂಪಿಸಿದವರ ಸಾಲಿನಲ್ಲಿ ಕ್ರೈಸ್ತ ಸಂಸ್ಥೆಗಳಾದ ಕಾರಿತಾಸ್ ಇಂಟರ್‌ನ್ಯಾಷನಾಲಿಸ್, ಲೂಥರನ್ ವಿಶ್ವ ಒಕ್ಕೂಟ, ವಿಶ್ವ ಚರ್ಚುಗಳ ಮಂಡಳಿಗಳಿದ್ದವು. ಸಭೆಯ ಹೆಸರಿನಲ್ಲಿ ಸೇವೆ ಮಾಡುವವರು ಸಭೆಯ ವಿಶ್ವಾಸವನ್ನು ಇತರರ ಮೇಲೆ ಹೇರುವುದಿಲ್ಲ ಎಂದು 2005ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಬರೆದರು. 2011ರಲ್ಲಿ ವ್ಯಾಟಿಕನ್, ವಿಶ್ವ ಚರ್ಚುಗಳ ಮಂಡಳಿ ಮತ್ತು ವಿಶ್ವ ಇವಾಂಜೆಲಿಕಲ್ ಒಕ್ಕೂಟ ಒಟ್ಟಾಗಿ ಹೊರಡಿಸಿದ ಶಿಫಾರಸುಗಳು ಸೇವೆಯಲ್ಲಿ ಆಮಿಷ ಒಡ್ಡುವುದನ್ನೂ ಜನರ ಬಡತನವನ್ನು ಬಳಸಿಕೊಳ್ಳುವುದನ್ನೂ ತಿರಸ್ಕರಿಸಿದವು. ಹೀಗಿರುವಾಗ ಅಕ್ಕಿ ಹಂಚುವ ಸಾಲಿನ ಮುಂದೆ ಪ್ರಾರ್ಥನೆ, ಮಕ್ಕಳಿಗೆ ಕೊಡುವ ಬ್ಯಾಗಿನೊಳಗೆ ಸುವಾರ್ತೆಯ ಕರಪತ್ರ, ಆಟ ಆಡಿಸುತ್ತೇವೆಂದು ಕರೆದು ನಡೆಸುವ ಬೈಬಲ್ ಶಿಬಿರ ಇವೆಲ್ಲ ಆ ಸಭೆಗಳದೇ ಮಾತಿಗೆ ವಿರುದ್ಧವಾಗುತ್ತವೆ. ದೊಡ್ಡವರಿಗೆ ಬೇಡವೆನ್ನುವ ಶಕ್ತಿಯಾದರೂ ಇರುತ್ತದೆ. ಹೊಟ್ಟೆ ಹಸಿದ, ಹೆದರಿದ ಮಗು ತನಗೆ ತಿಂಡಿ ಕೊಟ್ಟವರು ಕಲಿಸಿದ್ದನ್ನೆಲ್ಲ ಹಾಡುತ್ತದೆ. ಅದನ್ನು ವಿಶ್ವಾಸ ಎಂದು ಎಣಿಸುವುದು ಮಗುವಿಗೂ ವಿಶ್ವಾಸಕ್ಕೂ ಮಾಡುವ ಅನ್ಯಾಯ. ಕ್ರೈಸ್ತ ಕುಟುಂಬಗಳು ಗಂಜಿ ಕೇಂದ್ರದಲ್ಲಿ ತಮ್ಮ ಪಾಡಿಗೆ ತಾವು ಪ್ರಾರ್ಥಿಸುವುದು, ದುಃಖದಲ್ಲಿರುವ ಸಭೆಯ ಸದಸ್ಯನ ಬಳಿ ಪಾಸ್ಟರ್ ಕೂರುವುದು ಬೇರೆಯೇ ವಿಷಯ. ಅದಕ್ಕೆ ಯಾರೂ ಅಡ್ಡಿ ಮಾಡಬಾರದು.

ಅಡ್ಡಿ ಆಗುತ್ತಿದೆ ಎಂಬುದೂ ನಿಜ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಆಮಿಷದ ವ್ಯಾಖ್ಯೆಯಲ್ಲಿ ಉಡುಗೊರೆಯನ್ನೂ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವನ್ನೂ ಸೇರಿಸಿತು. ಅಪ್ರಾಪ್ತರ ವಿಷಯದಲ್ಲಿ 3ರಿಂದ 10 ವರ್ಷದವರೆಗಿನ ಸೆರೆವಾಸವನ್ನು ಗೊತ್ತುಮಾಡಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ಹಿಂತೆಗೆಯಲು ತೀರ್ಮಾನಿಸಿತು. ವ್ಯಾಖ್ಯೆ ಇಷ್ಟು ಅಗಲವಾದರೆ ಒಂದು ಕಂಬಳಿಯೂ ಆರೋಪಕ್ಕೆ ಸಾಕಾಗುತ್ತದೆ. ಪ್ರಾಮಾಣಿಕವಾಗಿ ಗಂಜಿ ಬೇಯಿಸುವ ಸಿಸ್ಟರ್‌ಗಳೂ ಹೆದರಿ ಹಿಂದೆ ಸರಿಯುತ್ತಾರೆ. ಆಗ ನಷ್ಟವಾಗುವುದು ಲೈನ್ ಮನೆಯ ಮಕ್ಕಳಿಗೇ. ಬಲವಂತ ಮತ್ತು ವಂಚನೆಯನ್ನು ಶಿಕ್ಷಿಸಬೇಕು ಎಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಅನುಮಾನವನ್ನೇ ಪುರಾವೆಯಾಗಿ ಮಾಡಿಕೊಂಡು ಗಂಜಿ ಕೇಂದ್ರದ ಬಾಗಿಲಲ್ಲಿ ನಿಂತು ಗಲಾಟೆ ಮಾಡುವವರು ಮಕ್ಕಳ ರಕ್ಷಕರಲ್ಲ.

ಹಣದ ದಾರಿಯೂ ಬದಲಾಗಿದೆ. ವಿದೇಶಿ ದಾನಿಯೊಬ್ಬ ತಿಂಗಳಿಗಿಷ್ಟು ಎಂದು ಒಂದು ಮಗುವಿಗೆ ಕೊಡುವ ಪ್ರಾಯೋಜಕತ್ವದ ಪದ್ಧತಿ ದಶಕಗಳ ಕಾಲ ನಡೆಯಿತು. ಆ ಮಾದರಿಯ ದೊಡ್ಡ ಸಂಸ್ಥೆಯಾದ ಕಂಪ್ಯಾಷನ್ ಇಂಟರ್‌ನ್ಯಾಷನಲ್ 2017ರಲ್ಲಿ ಭಾರತದಲ್ಲಿ ಕೆಲಸ ನಿಲ್ಲಿಸಿದಾಗ ಸುಮಾರು 1.45 ಲಕ್ಷ ಮಕ್ಕಳು ಅದರ ಪಟ್ಟಿಯಲ್ಲಿದ್ದರು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ಆದ 2020ರ ತಿದ್ದುಪಡಿಯ ನಂತರ ಇಂಥ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚ ಶೇ 20ನ್ನು ಮೀರುವಂತಿಲ್ಲ. 2024ರಲ್ಲಿ ಆ ಕಾಯ್ದೆಯಡಿ ವರ್ಲ್ಡ್ ವಿಷನ್ ಇಂಡಿಯಾಕ್ಕಿದ್ದ ನೋಂದಣಿ ರದ್ದಾಯಿತು. ಸಣ್ಣ ಊರಿನ ಮಿಷನ್‌ಗಳು ಇಂದು ಹೆಚ್ಚಾಗಿ ಸ್ಥಳೀಯ ಕಾಣಿಕೆಯ ಮೇಲೆ ನಿಂತಿವೆ. ಇದರಿಂದ ಹಣ ಕಡಿಮೆಯಾದರೂ ಒಂದು ಹಳೆಯ ಕೆಡುಕಿಗೆ ಕಡಿವಾಣ ಬೀಳಬಹುದು ಎಂದು ನನಗನಿಸುತ್ತದೆ. ದೂರದ ದಾನಿಯ ಮನ ಕರಗಿಸಲು ಮಗುವಿನ ಫೋಟೊ, ಹೆಸರು, ದುಃಖದ ಕಥೆ ಬೇಕಾಗುತ್ತಿದ್ದವು. ಕೆಸರು ಮೆತ್ತಿದ ಸ್ವೆಟರ್ ತೊಟ್ಟ ಹುಡುಗಿಯ ಕೈಗೆ ಅಕ್ಕಿ ಚೀಲ ಕೊಟ್ಟು, ಹಿಂದೆ ಬ್ಯಾನರ್ ಹಿಡಿಸಿ ತೆಗೆದ ಚಿತ್ರಗಳನ್ನು ಎಲ್ಲ ಧರ್ಮದ, ಎಲ್ಲ ಪಕ್ಷದ ಸಂಘಟನೆಗಳೂ ಇಂದಿಗೂ ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಿವೆ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸಿದೆ. ಆ ಹುಡುಗಿ ನಾಳೆ ಹೈಸ್ಕೂಲು ಸೇರಿದಾಗ ಸಹಪಾಠಿಯೊಬ್ಬಳು ಆ ಚಿತ್ರ ತೋರಿಸಿದರೆ ಅವಳಿಗೆ ಏನನಿಸುತ್ತದೆ ಎಂದು ಕ್ಯಾಮೆರಾ ಹಿಡಿದವರು ಯೋಚಿಸಬೇಕು.

ಇನ್ನೊಂದು ಮಳೆಗಾಲ ಬರುವ ಮುನ್ನ ಮಾಡಬಹುದಾದ ಕೆಲಸ ಸಾಕಷ್ಟಿದೆ. ಮೂಡಿಗೆರೆ, ಕಳಸ, ಸಕಲೇಶಪುರ ಭಾಗದ ಧರ್ಮಕೇಂದ್ರಗಳೂ ಸಭೆಗಳೂ ತಮ್ಮ ಸುತ್ತಲಿನ ಇಳಿಜಾರುಗಳ ಮೇಲಿರುವ ಮನೆಗಳಲ್ಲಿ ಯಾವ ಧರ್ಮದವರೇ ಇರಲಿ, ಮಕ್ಕಳೆಷ್ಟು, ವಯಸ್ಸೆಷ್ಟು, ಹತ್ತಿರದ ಬಂಧುಗಳು ಯಾರು, ಅವರ ಫೋನ್ ಯಾವುದು ಎಂದು ಮನೆಯವರ ಒಪ್ಪಿಗೆ ಪಡೆದು ಗ್ರಾಮ ಪಂಚಾಯಿತಿಯ ಜೊತೆ ಕೂತು ಬರೆದಿಡಬಹುದು. ಆಧಾರ್, ಜನನ ಪ್ರಮಾಣಪತ್ರ, ರೇಷನ್ ಕಾರ್ಡಿನ ಪ್ರತಿಗಳನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಭದ್ರಪಡಿಸಲು ಆ ಮನೆಗಳಿಗೆ ನೆರವಾಗಬಹುದು. ಕುಸಿತವಾದರೆ ಮೊದಲ ಕರೆ ಯಾರಿಗೆ, ಒಂಟಿ ಮಗು ಕಂಡರೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸುವವರು ಯಾರು ಎಂಬುದನ್ನು ಮೇ ತಿಂಗಳಲ್ಲೇ ತೀರ್ಮಾನಿಸಬಹುದು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಮಗು ಮನೆಯವರ ಜೊತೆಯಲ್ಲೇ ಇದ್ದು ಓದಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುತ್ತದೆ. ಪ್ರಾಕೃತಿಕ ವಿಕೋಪದ ಸಂತ್ರಸ್ತ ಮಕ್ಕಳೂ ಇದಕ್ಕೆ ಅರ್ಹರು. ಗ್ರಾಮೀಣ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ, ಬೇರೆಡೆ 96,000 ರೂಪಾಯಿ ಮೀರಿರಬಾರದು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿ ಮಂಜೂರು ಮಾಡುವ ಈ ನೆರವಿನ ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ಆದಾಯ ಪ್ರಮಾಣಪತ್ರ, ಶಾಲೆಯ ದೃಢೀಕರಣ, ಬ್ಯಾಂಕ್ ಖಾತೆ ಎಲ್ಲವನ್ನೂ ಹೊಂದಿಸಿಕೊಂಡು ತಾಲ್ಲೂಕು ಕಚೇರಿಗೂ ಜಿಲ್ಲಾ ಕೇಂದ್ರಕ್ಕೂ ಓಡಾಡುವುದು ದಿನಗೂಲಿ ಬಿಟ್ಟು ಬರಬೇಕಾದ ತಾಯಿಯ ಕೈಲಾಗುವುದಿಲ್ಲ. ಅವಳ ಜೊತೆ ಹೋಗಲು ಸಭೆಯಿಂದ ಒಬ್ಬರನ್ನು ಗೊತ್ತುಮಾಡುವುದಾದರೆ, ಅದಕ್ಕೆ ವಿದೇಶಿ ಹಣವೂ ಬೇಡ, ಕಟ್ಟಡವೂ ಬೇಡ, ಯಾರ ಅನುಮತಿಯೂ ಬೇಡ.